ಹೊಗೆಯಾನೆಯಿಂದ ಇಳಿದ ಊರು

ಬಹಳ ಹಿಂದೆ, ಕಾಗೆಗಳಿನ್ನೂ ಬೆಳ್ಳಗಿದ್ದ ಕಾಲದಲ್ಲಿ, ಸಜ್ಜೆಗಿರಿ ಅನ್ನೋ ಒಂದು ರಾಜ್ಯವಿತ್ತು. ಅಲ್ಲಿನ ರಾಜ ಮೀಸೆಗೆ ಎಣ್ಣೆ ಹಚ್ಚುವುದರಲ್ಲಿ ಮಹಾ ಶೂರ. ಉಳಿದ ಕೆಲಸವನ್ನೆಲ್ಲ ಕೆಂಡಾಸುರನೆಂಬ ಮಾಂತ್ರಿಕನಿಗೆ ಬಿಟ್ಟಿದ್ದ.

ಕೆಂಡಾಸುರ ಊರಿಗೆ ಮೂರು ವರ ಕೊಟ್ಟಿದ್ದ. ಬಿತ್ತದೆ ಬೆಳೆಯದೆ ಅನ್ನ ಉಕ್ಕಿಸುವ ಹಂಡೆ, ಎಂದೂ ಆರದ ಕರಿಬೆಂಕಿ, ಕೂತವರನ್ನು ಬೇಕಾದಲ್ಲಿಗೆ ಹೊತ್ತೊಯ್ಯುವ ಹೊಗೆಯಾನೆ. ಜನ ಕುಣಿದಾಡಿದರು. ಆದರೆ ಹಂಡೆಯ ಅನ್ನ ಉಂಡವರ ನಾಲಿಗೆಗೆ ಬೆಲ್ಲವೂ ಒಂದೇ, ಬೂದಿಯೂ ಒಂದೇ ಆಯಿತು. ಬೆಂಕಿಯ ಹೊಗೆಗೆ ಸೂರ್ಯ ಮರೆಯಾದ, ಕಾಗೆಗಳು ಕಪ್ಪಾದವು. ಆನೆ ಏರಿದವರ ಕಾಲಿನ ಬಲ ಇಳಿಯುತ್ತಾ ಬಂತು. ಪೂರ್ತಿ ಕಾಲು ಸೋತವರನ್ನು ಮಾಂತ್ರಿಕ ಇದ್ದಿಲು ಮಾಡಿ ತನ್ನ ಬೆಂಕಿಗೆ ಹಾಕುತ್ತಿದ್ದ.

ಬಡಗಿ ತೊರೆಯಣ್ಣನ ಸರದಿ ಬಂತು. ಅವನ ಮಗಳು ಕೆಂಚವ್ವ, ಬಾಯಿ ಜೋರಿನ ಹುಡುಗಿ, ಬಾಗಿಲಿಗೆ ಅಡ್ಡ ನಿಂತಳು.

“ಅಪ್ಪನನ್ನು ಒಯ್ಯುವ ಮುಂಚೆ ನನ್ನ ಜೊತೆ ಪಂಥ ಕಟ್ಟು,” ಅಂದಳು.

ಮಾಂತ್ರಿಕ ಹೊಟ್ಟೆ ಹಿಡಿದು ನಕ್ಕ. ತನ್ನ ಹಂಡೆಯಿಲ್ಲದೆ ಊರಿಗೆ ಉಣ್ಣಿಸಬೇಕು, ತನ್ನ ಬೆಂಕಿಯಿಲ್ಲದೆ ಮನೆಮನೆ ಬೆಳಗಿಸಬೇಕು, ತನ್ನ ಆನೆಯಿಲ್ಲದೆ ಕಾಲು ಸೋತವರನ್ನು ಗುಡ್ಡದಾಚೆಯ ಹೊಳೆಗೆ ಮುಟ್ಟಿಸಬೇಕು, ಅಷ್ಟು ಮಾಡಿದರೆ ತನ್ನ ಮಾಟವೇ ಮುರಿದು ಬೀಳುತ್ತದೆ ಅಂದ. “ಆದರೆ ನಿನ್ನ ಮನೆಯವರ ಕೈಯಿಂದ ಮಾತ್ರ. ಸೋತರೆ ಅಪ್ಪನ ಜೊತೆ ನೀನೂ ಇದ್ದಿಲು.”

ಮನೆಯಲ್ಲಿದ್ದವರು ಅವಳು, ಅಪ್ಪ, ಒಂದು ಸೋಮಾರಿ ಬೆಕ್ಕು.

ಕೆಂಚವ್ವ ಬೀದಿಗಿಳಿದು ಮುಯ್ಯಾಳು ಕರೆದಳು. ಇವತ್ತು ನೀವು ನನ್ನ ಕೆಲಸಕ್ಕೆ ಬನ್ನಿ, ನಾಳೆ ನಾನು ನಿಮ್ಮದಕ್ಕೆ ಬರುತ್ತೇನೆ ಅನ್ನುವುದು ಸಜ್ಜೆಗಿರಿಯ ಹಳೇ ಪದ್ಧತಿ. ಹಂಡೆ ಬಂದ ಮೇಲೆ ಎಲ್ಲರೂ ಮರೆತಿದ್ದರು. ಯಾರೂ ಕದಲಲಿಲ್ಲ. ಕೊನೆಗೆ ನೆರೆಮನೆಯ ದ್ಯಾಮಜ್ಜಿ ತೆವಳಿಕೊಂಡು ಹೊರಗೆ ಬಂದಳು.

“ಕೂತೂ ಕೂತೂ ಕುಂಡಿ ಸವೆದಿದೆ ಕಣೇ. ಕೆಲಸ ಏನು ಹೇಳು.”

ಅಜ್ಜಿ ಹೊರಟ ಮೇಲೆ ಉಳಿದವರಿಗೆ ನಾಚಿಕೆಯಾಯಿತು. ಎಲ್ಲ ಸೇರಿ ರಾಜನ ಹೂದೋಟವನ್ನೇ ಅಗೆದು ಸಜ್ಜೆ, ಅವರೆ, ಮೆಣಸಿನಕಾಯಿ ಬಿತ್ತಿದರು. ಮಣ್ಣಿಗೂ ಬೇಸರ ಬಂದಿತ್ತೇನೋ, ಬಿತ್ತಿದ ಬೆನ್ನಿಗೇ ಪೈರು ಎದೆಯೆತ್ತರ ನಿಂತಿತು. ರೊಟ್ಟಿ ಚಟ್ನಿ ತಿಂದು ಇಡೀ ಊರು ಖಾರಕ್ಕೆ ಕಣ್ಣೀರಿಟ್ಟು ನಕ್ಕಿತು.

ಮನೆಯವರು ಮಾತ್ರ ಅಂದಿದ್ದೆ, ಇದು ಮೋಸ ಅಂತ ಮಾಂತ್ರಿಕ ಕೂಗಾಡಿದ.

“ಮುಯ್ಯಿಗೆ ಬಂದು ನಮ್ಮ ರೊಟ್ಟಿ ತಿಂದವರು ಅವತ್ತಿಗೆ ನಮ್ಮ ಮನೆಯವರೇ,” ಅಂದಳು ಕೆಂಚವ್ವ. “ಯಾರ ಹೊಲಕ್ಕೂ ಒಂದು ದಿನ ಹೋದವನಲ್ಲ ನೀನು, ನಿನಗೆ ಹೇಗೆ ಗೊತ್ತಿರಬೇಕು ಮಾವಾ?”

ಬಾಯಿ ತುಂಬ ರೊಟ್ಟಿ ತುಂಬಿಕೊಂಡಿದ್ದ ರಾಜ, ಹೌದು ಹೌದು ಅಂತ ತಲೆಯಾಡಿಸಿದ.

ಎರಡನೆಯದು ಬೆಳಕು. ಹೆಂಗಸರು ರಾಟೆಗಳನ್ನು ಗುಡ್ಡದ ಮೇಲಿಟ್ಟು ಬೀಸುವ ಗಾಳಿಯನ್ನೇ ನೂತರು. ಗಾಳಿಯ ನೂಲು ಬೆಳ್ಳಿಯಂತೆ ಹೊಳೆಯಿತು. ಅದನ್ನು ಪ್ರತಿ ಮನೆಯ ಬಾಗಿಲಿಗೂ ಕಟ್ಟಿದರು. ಮನೆಗಳೆಲ್ಲ ಬೆಳಗಿದವು, ಎಳ್ಳಷ್ಟೂ ಹೊಗೆಯಿಲ್ಲ. ಯಾರಿಗೂ ಬೇಡವಾದ ಕರಿಬೆಂಕಿ ಮುನಿಸಿಕೊಂಡು ಆರಿಹೋಯಿತು.

ಮೂರನೆಯದು ದಾರಿ. ತೊರೆಯಣ್ಣ ಕೂತಲ್ಲೇ ಗಾಲಿ ಕೆತ್ತಿ, ಊರಿಗೊಂದೇ ಉದ್ದನೆಯ ಬಂಡಿ ಮಾಡಿದ. ಕಾಲು ಸೋತವರನ್ನು ಕೂರಿಸಿ ಜನ ನೂಕಿದರು. ಏರಿನಲ್ಲಿ ಬಂಡಿ ಹಿಂದಕ್ಕೆ ಜಾರತೊಡಗಿತು. ಮೇಲೆ ಹೊಗೆಯಾನೆ ಅಡ್ಡ ನಿಂತು ಕೆಮ್ಮುತ್ತಿತ್ತು.

ಕೆಂಚವ್ವ ಹತ್ತಿರ ಹೋಗಿ ರೊಟ್ಟಿ ಕೊಟ್ಟಳು. “ಇವತ್ತು ನೀನು ನಮಗೆ ಹೆಗಲು ಕೊಡು. ನಾವು ನಿನಗೇನು ಮಾಡಬೇಕು?”

ಆನೆಯನ್ನು ಯಾರೂ ಹಾಗೆ ಕೇಳಿರಲಿಲ್ಲ. ರೊಟ್ಟಿಯನ್ನು ಸೊಂಡಿಲಿನಿಂದ ಬಾಯಿಗಿಟ್ಟು ಅಗಿಯಿತು. “ಬೆನ್ನು ತೊಳೆಯಿರಿ,” ಅಂದಿತು.

ಅದು ನನ್ನ ಆನೆ ಅಂತ ಮಾಂತ್ರಿಕ ಕಿರುಚಿದ.

“ಇವರ ರೊಟ್ಟಿ ತಿಂದೆ,” ಅಂದಿತು ಆನೆ. “ಇವತ್ತು ನಾನು ಇವರ ಮನೆಯವನು.” ಹಣೆ ಕೊಟ್ಟು ಬಂಡಿಯನ್ನು ಗುಡ್ಡ ಹತ್ತಿಸಿತು.

ಬಂಡಿ ಗುಡ್ಡದಾಚೆ ಇಳಿದು ಹೊಳೆ ಮುಟ್ಟಿತು. ನೀರು ಸೋಕಿದ್ದೇ ತೊರೆಯಣ್ಣನೂ ಕಾಲು ಸೋತ ಉಳಿದವರೂ ಎದ್ದು ನಿಂತರು. ಮಾಂತ್ರಿಕ ಮುದುಡಿ ಒಂದು ತುಂಡು ಇದ್ದಿಲಾದ. ದ್ಯಾಮಜ್ಜಿ ಅದರಲ್ಲೇ ಹಲ್ಲುಜ್ಜಿದಳು. ಆನೆಯ ಬೆನ್ನು ಉಜ್ಜಲು ರಾಜನೂ ಪಂಚೆ ಎತ್ತಿ ಕಟ್ಟಿ ಹೊಳೆಗಿಳಿದ. ಮಸಿಯೆಲ್ಲ ಹೋಗಿ ಆನೆ ಹಾಲಿನಂತೆ ಬೆಳ್ಳಗಾಯಿತು.

ಆಮೇಲೆ ಎಲ್ಲರೂ ಉಂಡು, ದುಡಿದು, ನಡೆದಾಡಿಕೊಂಡು ಚೆನ್ನಾಗಿದ್ದರು. ಸಜ್ಜೆಗಿರಿಗೆ ಹೋಗಿ ಈ ಹೊಲ ಯಾರದು, ಈ ದೀಪ ಯಾರದು, ಈ ಬಂಡಿ ಯಾರದು ಅಂತ ಯಾರನ್ನು ಬೇಕಾದರೂ ಕೇಳಿ. ಎದೆ ಉಬ್ಬಿಸಿ ಒಂದೇ ಮಾತು ಹೇಳುತ್ತಾರೆ: “ನಮ್ಮದು.”