ಎದುರು ರಸ್ತೆಯ ಕೊಡೆ

“ಚಿತ್ರದ ಎಡಗಣ್ಣು ಮೇಲೆತ್ತು ಅಂತ ಬೆಳಗಿಂದ ಎದುರು ರಸ್ತೇಲಿ ನಿಂತು ಕೊಡೆ ಎತ್ತಿ ಎತ್ತಿ ಜೀವ ತಿಂದೆ. ಈಗ ನಾನಲ್ಲ ಅಂತೀಯಾ?” ಗೋಡೆಗೆ ಕಟ್ಟಿದ ಸಾರುವೆ ಹತ್ತಿ ಬಂದ ತಮ್ಮನ ಮೇಲೆ ರೇಗಿದೆ.

“ಕೂಗಾಡೋ ಮುಂಚೆ ಕೇಳಣ್ಣ. ನಾನು ಕಟ್ಟಡದ ಹಿಂದೆ ಬಣ್ಣ ಕಲಸ್ತಿದ್ದೆ. ನನ್ಹತ್ರ ಕೊಡೆ ಎಲ್ಲಿದೆ?”

ನಾವು ಕಟ್ಟಡಗಳ ಗೋಡೆಗೆ ಚಿತ್ರ ಬರೆಯುವವರು. ಈ ಸಲದ್ದು ನಾಲ್ಕು ಮಹಡಿ ಎತ್ತರದ ಮುದುಕಿಯ ಮುಖ. ಸಾರುವೆಯ ಮೇಲಿದ್ದವನಿಗೆ ಮೂಗು ಯಾವುದು, ಕೆನ್ನೆ ಯಾವುದು ತಿಳಿಯುವುದಿಲ್ಲ. ಎದುರು ರಸ್ತೆಯಲ್ಲಿ ನಿಂತು ಒಬ್ಬರು ಹೇಳಬೇಕು. ಇಪ್ಪತ್ತು ವರ್ಷ ಆ ಕೆಲಸ ಮಾಡಿದವಳು ನನ್ನ ಹೆಂಡತಿ. ಕೊಡೆ ಎತ್ತಿದರೆ ಮೇಲಕ್ಕೆ, ಇಳಿಸಿದರೆ ಕೆಳಕ್ಕೆ, ಮಡಚಿದರೆ ಕೆಲಸ ಮುಗಿಯಿತು ಎಂದರ್ಥ. ಅವಳು ತೀರಿಕೊಂಡು ಎಂಟು ತಿಂಗಳು.

ತಿರುಗಿ ನೋಡಿದೆ. ಮಟಮಟ ಮಧ್ಯಾಹ್ನದಲ್ಲಿ ಕೊಡೆ ಎದುರು ರಸ್ತೆಯಲ್ಲೇ ಇತ್ತು. ತಮ್ಮನಿಗೆ ಏನೂ ಕಾಣಲಿಲ್ಲವಂತೆ. ಗೋಡೆಯೆಲ್ಲ ಕಾದಿದ್ದರೂ ಎಡಗಣ್ಣಿನ ಜಾಗ ಮಾತ್ರ ನೀರಿನ ಮಡಕೆಯಂತೆ ತಣ್ಣಗಿತ್ತು.

ಉಳಿದದ್ದು ಗದ್ದ ಒಂದೇ. ಅದೂ ಸರಿಯಾದರೆ ಅವಳು ಕೊಡೆ ಮಡಚಿ ಹೊರಟುಬಿಡುತ್ತಾಳೆ. ಬೇಕೆಂದೇ ಒಂದು ಗೇಣು ಪಕ್ಕಕ್ಕೆ ಬರೆದೆ.

“ಅಣ್ಣ, ಸೊಟ್ಟಗಾಯ್ತಲ್ಲ.”

“ಬಾಯಿ ಮುಚ್ಚು. ಅವಳು ಬೈಯಲಿ.”

ಅವಳು ಬೈಯಲಿಲ್ಲ. ಕೊಡೆ ಮೆಲ್ಲಗೆ ಮಡಚಿಕೊಂಡಿತು. ಎಡಗಾಲು ಸ್ವಲ್ಪ ಎಳೆಯುತ್ತ, ಅವಳದೇ ನಡಿಗೆಯಲ್ಲಿ, ತಿರುವು ದಾಟಿ ಹೋದಳು.

ಪಟ್ಟಿಯಿಟ್ಟು ಅಳೆದರೆ ಗದ್ದ ಈಗಲೂ ಒಂದು ಗೇಣು ಪಕ್ಕಕ್ಕಿದೆ. ಎದುರು ರಸ್ತೆಯಿಂದ ನೋಡಿದವರೆಲ್ಲ ನೇರವಾಗಿದೆ ಎನ್ನುತ್ತಾರೆ. ಆಮೇಲೆ ಬರೆದ ಮೂರು ಗೋಡೆಗಳಲ್ಲೂ ಒಂದೊಂದು ತಪ್ಪು ಬಿಟ್ಟು ಕಾದಿದ್ದೇನೆ. ಅವಳು ಬಂದಿಲ್ಲ.