ಟೈರಿನೊಳಗಿನ ಏಳು ಮೀನು

"ಅಕ್ಕಾ, ಎರಡು ಇಲ್ಲ!"

ಸಣ್ಣಪ್ಪನ ಕೂಗಿಗೆ ಹುಲಿಯಮ್ಮ ಹಲ್ಲುಜ್ಜುವುದನ್ನು ಅರ್ಧಕ್ಕೇ ಬಿಟ್ಟು, ಬಾಯಿ ತುಂಬ ಇದ್ದಿಲ ಪುಡಿ ಇಟ್ಟುಕೊಂಡೇ ಒಳಗೆ ಓಡಿಬಂದಳು. ತಮ್ಮನ ಹಾಸಿಗೆಯ ಪಕ್ಕದ ಕಿಟಕಿಯಲ್ಲಿ ಪೆಪ್ಪರ್‌ಮೆಂಟಿನ ಗಾಜಿನ ಬಾಟಲಿ ಇತ್ತು. ಅದರ ನೀರಿನಲ್ಲಿ ನಿನ್ನೆ ಸಂಜೆ ಏಳು ಮೀನುಮರಿಗಳಿದ್ದವು. ಈಗ ಐದೇ.

ಇಲ್ಲಿ ನಾನೊಂದು ಮಾತು ಹೇಳಬೇಕು. ನಾನು ಕತೆ ಹೇಳಲು ಕೂತರೆ ಇಲಿ ಆನೆಯಾಗುತ್ತದೆ, ಹಳ್ಳ ಸಮುದ್ರವಾಗುತ್ತದೆ. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನಲ್ಲಿ ನನ್ನಷ್ಟು ದೊಡ್ಡದು ಮಾಡಿ ಹೇಳುವವರು ಹುಟ್ಟಿಲ್ಲ. ಆದರೆ ಈ ಮೀನಿನ ಲೆಕ್ಕಕ್ಕೆ ನಾನು ಒಂದು ಬಾಲವನ್ನೂ ಸೇರಿಸಿಲ್ಲ. ಏಳು ಅಂದರೆ ಏಳೇ. ಐದು ಅಂದರೆ ಐದೇ.

"ಬೆಕ್ಕು ತಿಂದಿರ್ಬೇಕು ಕಣೋ," ಎಂದಳು ಹುಲಿಯಮ್ಮ.

"ಈ ಬಾಟ್ಲಿ ಬಾಯಾಗೆ ಬೆಕ್ಕಿನ ತಲೆ ಹೋಗ್ತೈತೇನೆ? ಅಲ್ನೋಡು, ಅಂಗಿ ಬಿಟ್ಟು ಹೋಗ್ಯಾವೆ!"

ನಿಜ. ನೀರಿನ ಮೇಲೆ ಎರಡು ತೆಳ್ಳನೆಯ ಸಿಪ್ಪೆಗಳು ತೇಲುತ್ತಿದ್ದವು. ಒಳಗೆ ಏನೂ ಇಲ್ಲ. ಮೀನು ತನ್ನ ಅಂಗಿ ಕಳಚಿಟ್ಟು ಎದ್ದು ಹೋದ ಹಾಗೆ.

ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಉಚ್ಚಂಗಮ್ಮಜ್ಜಿ ಕೈ ನಿಲ್ಲಿಸಿದಳು. "ಟೈರಿನ ನೀರು ಮನೆಯೊಳಗೆ ತರಬ್ಯಾಡ ಅಂತ ಬಡ್ಕೊಂಡೆ. ನೀರಿನ ಹಿಂದೇನೇ ಅದೂ ಬಂದೈತೆ."

"ಯಾವುದಜ್ಜೀ?"

ಅಜ್ಜಿ ಎದ್ದಳು. ಬಂದು ಸಣ್ಣಪ್ಪನ ತೋಳು ಎತ್ತಿ ತೋರಿಸಿದಳು. ನಾಲ್ಕು ದಿನದ ಜ್ವರಕ್ಕೆ ಕೆಂಡದಂತಿದ್ದ ಆ ಪುಟ್ಟ ತೋಳಿನ ಮೇಲೆ ನಿನ್ನೆ ಇಲ್ಲದ ನಾಲ್ಕು ಕೆಂಪು ಗುರುತುಗಳಿದ್ದವು.

"ಬೆರಳಿಟ್ಟು ಹೋಗೈತೆ," ಎಂದಳು ಅಜ್ಜಿ, ಬಹಳ ಮೆಲ್ಲಗೆ.

ಹುಲಿಯಮ್ಮನ ಅಪ್ಪ ಹೂವಪ್ಪನದು ಸೊರಬದ ರಸ್ತೆಯಲ್ಲಿ, ಮನೆಗೆ ತಾಗಿಕೊಂಡೇ, ಟೈರಂಗಡಿ. ಪಂಕ್ಚರ್ ಹಾಕುವುದು, ಹಳೇ ಟೈರು ಕೊಂಡು ಮಾರುವುದು ಅವನ ಕೆಲಸ. ಆಗ ಊರಿಗೆ ಬರುತ್ತಿದ್ದ ಬಸ್ಸು, ಲಾರಿಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಅಂಗಡಿಯ ಹಿತ್ತಿಲಲ್ಲಿ ಬಿದ್ದಿದ್ದ ಟೈರುಗಳು ಮಾತ್ರ ಹತ್ತು ಸಾವಿರ! ಸರಿ, ಸಾವಿರ. ಇನ್ನೂರಕ್ಕಿಂತ ಕಡಿಮೆ ಅನ್ನುವವರ ಜೊತೆ ನನಗೆ ಮಾತೇ ಇಲ್ಲ. ಆ ಟೈರು ಗುಡ್ಡದ ತುದಿ ಹತ್ತಿ ನಿಂತರೆ ಬಂದಳಿಕೆಯ ಗುಡಿ ಕಾಣುತ್ತಿತ್ತು.

ಮಳೆಗಾಲ ಬಂದರೆ ಆ ಗುಡ್ಡ ಸಂಜೆ ಸಂಜೆ ಹಾಡುತ್ತಿತ್ತು.

ಗುಂಯ್‌ಯ್‌ಯ್...

"ಓಡಿ ಓಡಿ ಸತ್ತ ಟೈರುಗಳು," ಎನ್ನುತ್ತಿದ್ದಳು ಅಜ್ಜಿ. "ಮಲಗಿದ್ರೂ ಅವಕ್ಕೆ ಓಟ ನಿಂತಿರಾದಿಲ್ಲ. ಕಾಣದಿರೋ ದಾರಿ ಮ್ಯಾಲೆ ಓಡ್ತಾನೇ ಇರ್ತಾವೆ. ಆ ಸದ್ದು ಅದು."

ಅಂಥ ಗುಡ್ಡಕ್ಕೆ ಹುಲಿಯಮ್ಮ ಹೋಗಿದ್ದು ತಮ್ಮನಿಗಾಗಿ. ಮಲಗಿ ಮಲಗಿ ಬೇಸತ್ತ ಸಣ್ಣಪ್ಪ, "ನಂಗೆ ಮೀನು ಬೇಕು," ಎಂದು ಹಟ ಹಿಡಿದಿದ್ದ. ಅವಳು ಲಾರಿ ಟೈರೊಂದರೊಳಗೆ ತಲೆ ತೂರಿಸಿದ್ದಳು. ಒಳಗೆ ಕಪ್ಪು ನೀರು, ನೀರಿನಲ್ಲಿ ಅವಳದೇ ಕಪ್ಪು ಮುಖ. ಅವಳು ಅಲುಗದಿದ್ದರೂ ಆ ಮುಖ ಅಲುಗಿತ್ತು! ಬಿಡದೆ ನೋಡಿದಾಗ ಬಾಲ ಮೇಲೆ, ತಲೆ ಕೆಳಗೆ ಮಾಡಿ ಕುಣಿಯುವ ಪುಟಾಣಿ ಮೀನುಗಳು ಕಂಡಿದ್ದವು. ಕೆಲವಂತೂ ಮೇಷ್ಟ್ರು ಬೋರ್ಡಿನ ಮೇಲೆ ಹಾಕುವ ಅಲ್ಪವಿರಾಮದ ಹಾಗೆ ಬಾಗಿದ್ದವು. ತೆಂಗಿನ ಚಿಪ್ಪಿನಲ್ಲಿ ಏಳನ್ನು ಮೊಗೆದು ತಂದಿದ್ದಳು.

"ದೊಡ್ಡವಾದ ಮ್ಯಾಲೆ ಗುಡವಿ ಕೆರೆಗೆ ಬಿಡಾಣ," ಎಂದಿದ್ದಳು.

"ಅಲ್ಲಿ ಹಕ್ಕಿ ತಿಂತಾವೆ," ಎಂದು ಸಣ್ಣಪ್ಪ ಬಾಟಲಿಯನ್ನು ತಬ್ಬಿಕೊಂಡಿದ್ದ.

ಎರಡು ಮೀನು ಕಾಣೆಯಾದ ದಿನ ಶನಿವಾರ, ಬೆಳಗಿನ ಶಾಲೆ. ಹುಲಿಯಮ್ಮ ಮನೆಗೆ ಬರುವಷ್ಟರಲ್ಲಿ ಮಲೇರಿಯಾ ಇನ್‌ಸ್ಪೆಕ್ಟರ್ ಆನಂದಪ್ಪನವರು ಬಂದಿದ್ದರು. ಮನೆಮನೆಗೆ ಸೊಳ್ಳೆ ಔಷಧಿ ಡಿಡಿಟಿ ಹೊಡೆಸುತ್ತಿದ್ದ ಅವರು ಊರವರ ಬಾಯಲ್ಲಿ ಡಿಡಿಟಿ ಸಾಹೇಬರು. ಸಣ್ಣಪ್ಪನ ಬೆರಳಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ಗಾಜಿಗೆ ಸವರಿಕೊಂಡು, ಕಹಿ ಮಾತ್ರೆ ಕೊಟ್ಟರು. ಆಮೇಲೆ ಹಿತ್ತಿಲಿಗೆ ಹೋದವರು ಟೈರು ಗುಡ್ಡ ನೋಡಿ ಅಲ್ಲೇ ನಿಂತುಬಿಟ್ಟರು.

"ಹೂವಪ್ಪನವರೇ, ಇದರೊಳಗೆಲ್ಲ ಮಳೆ ನೀರು ನಿಂತಿದೆ. ಸೊಳ್ಳೆ ಹುಟ್ಟೋದು ಇಂಥ ಕಡೇನೇ. ಒಳ್ಳೇ ಟೈರನ್ನ ಒಣಗಿಸಿ ಸೂರಿನ ಕೆಳಗೆ ಜೋಡಿಸಿ. ಹೊರಗೇ ಇರೋದಕ್ಕೆ ತೂತು ಹೊಡೀರಿ, ನೀರು ಹರಿದು ಹೋಗಲಿ. ಸವೆದದ್ದನ್ನ ಚಪ್ಪಲಿ ಮಾಡೋರಿಗೆ ಕೊಟ್ಟುಬಿಡಿ."

"ಟೈರು ಅಂದ್ರೆ ರಬ್ಬರು ರೀ ಸಾಹೇಬ್ರೇ, ಕೋಳಿ ಅಲ್ಲ ಮೊಟ್ಟೆ ಇಡಾಕೆ!"

ಅಂಗಡಿಯಲ್ಲಿದ್ದ ಗಾಡಿಯವರೆಲ್ಲ ನಕ್ಕರು. ಹೂವಪ್ಪ ಮೀಸೆ ತಿರುವಿದ. "ತೂತು ಹೊಡೆದ್ರೆ ಮಾಲು ಕೆಟ್ಟು ಹೋಗ್ತೈತೆ. ಅಷ್ಟು ತ್ರಾಸಾದ್ರೆ ಹೇಳ್ರೀ, ಒಂದು ಕಡ್ಡಿ ಗೀರಿ ಎಲ್ಲಾನೂ ಸುಟ್ಟುಬಿಡ್ತೀನಿ."

"ಅದೊಂದು ಮಾತ್ರ ಮಾಡಬೇಡಿ! ಟೈರಿಗೆ ಹತ್ತಿದ ಬೆಂಕಿ ಬೇಗ ಆರೋದಿಲ್ಲ. ವಾರಗಟ್ಟಲೆ ಊರೆಲ್ಲ ಕರೀ ಹೊಗೆ ಕುಡೀಬೇಕಾಗ್ತದೆ."

ಸಾಹೇಬರು ಸೈಕಲ್ ಹತ್ತಿ ಹೋದರು. ಹುಲಿಯಮ್ಮನಿಗೂ ಒಳಗೊಳಗೇ ನಗು. ಪಾಪ, ಸರಿಯಾಗಿ ನೋಡಿಲ್ಲ. ಟೈರೊಳಗೆ ಇರುವುದು ಸೊಳ್ಳೆಯೇ? ಮೀನಲ್ಲವೇ?

ಹೊತ್ತು ಮುಳುಗುವಾಗ, ಕಡಿಮೆಯಾದ ಎರಡು ಮೀನು ತರಲು ಅವಳು ಮತ್ತೆ ಗುಡ್ಡದ ಹತ್ತಿರ ಹೋದಳು. ಗಾಳಿಯೇ ಇರಲಿಲ್ಲ. ಹಿತ್ತಿಲ ಬೇಲಿಯ ಒಂದು ಎಲೆಯೂ ಅಲುಗುತ್ತಿರಲಿಲ್ಲ.

ಗುಂಯ್‌ಯ್‌ಯ್...

ಟೈರುಗಳ ಕಪ್ಪು ಬಾಯಿಗಳೆಲ್ಲ ಅವಳನ್ನೇ ನೋಡುತ್ತಿದ್ದವು. ಅವಳು ಚಿಪ್ಪು ಹಿಡಿದು ಬಗ್ಗಿದಳು. ಸದ್ದು ನಿಂತಿತು. ಎದ್ದಳು. ಸದ್ದು ಶುರುವಾಯಿತು. ತಲೆಯೆತ್ತಿ ನೋಡಿದರೆ ಗುಡ್ಡದ ನೆತ್ತಿಯ ಮೇಲೆ ಹೊಗೆಯಂಥದ್ದೊಂದು ಕಂಬ ನಿಂತಿತ್ತು. ಬೆಂಕಿಯಿಲ್ಲ, ಬರೀ ಹೊಗೆ. ಅದಕ್ಕೆ ತೆಂಗಿನ ಮರದಷ್ಟು ಎತ್ತರ, ಆನೆಯಷ್ಟು ದಪ್ಪ. ಮೆಲ್ಲಗೆ ಸೊಂಟ ಬಳುಕಿಸಿತು. ಬಾಗಿತು. ಅವಳ ತಲೆಯ ಮೇಲಕ್ಕೇ ಬಂತು. ಕಿವಿಯ ಹತ್ತಿರ ಯಾರೋ ಸಣ್ಣ ದನಿಯಲ್ಲಿ ಹಾಡಿದರು.

ಚಿಪ್ಪು ಎಲ್ಲಿ ಬಿತ್ತೋ, ಅವಳು ಎಷ್ಟು ಜೋರಾಗಿ ಓಡಿದಳೋ! ಶಿವಮೊಗ್ಗದ ಬಸ್ಸು ಕೂಡ ಅವಳ ಹಿಂದೆಯೇ ಉಳಿಯುತ್ತಿತ್ತು, ಆಣೆ.

ಮನೆಯಲ್ಲಿ ಸಣ್ಣಪ್ಪ ಮೂರು ಕಂಬಳಿಯ ಕೆಳಗೂ ಗಡಗಡ ನಡುಗುತ್ತಿದ್ದ. ಅವನ ಹಲ್ಲು ಕಟಕಟ ಅನ್ನುವುದು ಹೊಸ್ತಿಲವರೆಗೂ ಕೇಳುತ್ತಿತ್ತು. ಅವ್ವ ಲೋಕಮ್ಮ ಅವನ ಕಾಲು ಉಜ್ಜುತ್ತಾ ಕೂತಿದ್ದಳು.

"ಅಕ್ಕಾ, ಅದು ಇವತ್ತೂ ಬರ್ತೈತಾ?"

"ಬರಾಕೆ ಬಿಡಾದಿಲ್ಲ," ಎಂದಳು ಹುಲಿಯಮ್ಮ. ಅವ್ವನ ಹಳೇ ಸೀರೆಯ ತುಂಡನ್ನು ಬಾಟಲಿಯ ಬಾಯಿಗೆ ಹೊದಿಸಿದಳು. ಅಪ್ಪನ ಅಂಗಡಿಯ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿಯಾಗಿ ಕಟ್ಟಿ, ಮೂರು ಗಂಟು ಹಾಕಿದಳು. ಇನ್ನು ಯಾವ ದೆವ್ವ ಒಳಗೆ ನುಗ್ಗುತ್ತದೋ ನೋಡೋಣ!

ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು ಬಾಟಲಿಯ ಹತ್ತಿರ ಹೋದಳು. ಗಂಟು ಹಾಕಿದ ಹಾಗೇ ಇತ್ತು. ಬಟ್ಟೆಯಲ್ಲಿ ಒಂದು ತೂತೂ ಇರಲಿಲ್ಲ.

ಆದರೆ ಬಾಟಲಿ ಹಾಡುತ್ತಿತ್ತು.

ಗುಂಯ್... ಗುಡ್ಡದ ದನಿಯೇ. ತೀರ ಸಣ್ಣದಾಗಿ, ಹತ್ತಿರದಲ್ಲೇ.

ಬಾಟಲಿಯಲ್ಲಿ ಎರಡೇ ಮೀನು. ನೀರಿನ ಮೇಲೆ ಹೊಸದಾಗಿ ಮೂರು ಅಂಗಿ. ಮೇಲೆ, ಬಟ್ಟೆಯ ಒಳಮೈಗೆ, ಉದ್ದ ಕಾಲಿನ ಮೂರು ಸೊಳ್ಳೆಗಳು ತಲೆಕೆಳಗಾಗಿ ಕೂತಿದ್ದವು.

ಅವಳು ನೋಡುತ್ತಿದ್ದಂತೆಯೇ ಉಳಿದ ಎರಡು ಮೀನಲ್ಲಿ ಒಂದು ಮೇಲೆ ಬಂದು ಅಲುಗದೆ ನಿಂತಿತು. ಅದರ ಬೆನ್ನು ಬಿರಿಯಿತು. ಒಳಗಿನಿಂದ ತಲೆ ಬಂತು, ಒದ್ದೆ ರೆಕ್ಕೆ ಬಂತು, ಕೂದಲಿನಂಥ ಕಾಲುಗಳು ಒಂದೊಂದಾಗಿ ಬಂದವು. ತಾನು ಕಳಚಿದ ಅಂಗಿಯ ಮೇಲೆಯೇ ದೋಣಿಯಲ್ಲಿ ನಿಂತ ಹಾಗೆ ನಿಂತು, ಅದು ರೆಕ್ಕೆ ಆರಿಸಿಕೊಂಡಿತು.

ಹೊರಗಿನಿಂದ ಯಾರೂ ಒಳಗೆ ಬಂದಿರಲಿಲ್ಲ. ಒಳಗಿದ್ದದ್ದೇ ಹೊರಗೆ ಬಂದಿತ್ತು.

ಹುಲಿಯಮ್ಮ ತಮ್ಮನ ತೋಳು ನೋಡಿದಳು. ಆ ನಾಲ್ಕು ಗುರುತು. ಮೊನ್ನೆ ಆ ಕಿಟಕಿಯಲ್ಲಿ ಬಾಟಲಿ ಇಟ್ಟವರು ಯಾರು? ಬಾವಿಗೆ ಹಾಕಿಬಿಡಲೇ? ಯಾರಿಗೂ ಗೊತ್ತಾಗುವುದಿಲ್ಲ. ಅವಳ ಕೈ ಬಾಟಲಿಯ ಕುತ್ತಿಗೆ ಹಿಡಿದು ಬಹಳ ಹೊತ್ತು ಹಾಗೇ ಇತ್ತು.

ಆಮೇಲೆ ಅಂಗಡಿಗೆ ನಡೆದಳು.

"ಅಪ್ಪಾ, ನಾನು ತಂದಿದ್ದು ಮೀನಲ್ಲ."

"ಮತ್ತೇನವಾ?"

"ಕಿವಿ ಇಡು."

ಹೂವಪ್ಪ ನಗುತ್ತಲೇ ಬಾಟಲಿಯನ್ನು ಕಿವಿಗೆ ಒತ್ತಿಕೊಂಡ. ನಗು ಮೀಸೆಯಲ್ಲೇ ನಿಂತಿತು. ಬಟ್ಟೆ ನೋಡಿದ, ಗಂಟು ನೋಡಿದ, ನೀರು ನೋಡಿದ.

"ಇದು ನಮ್ಮ ಟೈರಿನ ನೀರಾ?"

"ಹ್ಞೂಂ. ಸಣ್ಣನ ಪಕ್ಕ ಇಟ್ಟಿದ್ದೆ. ನಾನೇ."

ಹೂವಪ್ಪ ಹಿತ್ತಿಲ ಗುಡ್ಡದ ಕಡೆ ನೋಡಿದ. "ನೀನು ತಂದಿದ್ದು ಒಂದು ಬಾಟ್ಲಿ ಮಗಳೇ," ಎಂದ. ಉಳಿ, ಸುತ್ತಿಗೆ ಎತ್ತಿಕೊಂಡ.

ಅವತ್ತು ಟೈರುಗಳಿಂದ ಹರಿದ ಕಪ್ಪು ನೀರು ಕುಬಟೂರಿನ ಗದ್ದೆಗಳವರೆಗೂ ಹೋಯಿತು ಅಂತ ನಾನು ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಸವೆದ ಟೈರು ಗಾಡಿ ತುಂಬಿಕೊಂಡು ಚಪ್ಪಲಿ ಮಾಡುವವರ ಕಡೆ ಹೋಯಿತು. ಒಳ್ಳೆಯವು ತಗಡಿನ ಸೂರಿನ ಕೆಳಗೆ ಸಾಲಾಗಿ ನಿಂತವು.

ಮುಂದಿನ ವಾರ ಅಪ್ಪ, ಮಗಳು ಬಸ್ಸು ಹತ್ತಿ ಸೊರಬಕ್ಕೆ ಹೋದರು. ಅಲ್ಲಿ ಟೈರಂಗಡಿ ಜಟ್ಟಪ್ಪನ ಹಿತ್ತಿಲಲ್ಲಿ ಇನ್ನೂ ದೊಡ್ಡ ಗುಡ್ಡವಿತ್ತು. ಹೂವಪ್ಪ ಅದರಿಂದ ಮೊಗೆದ ನೀರನ್ನು ಬಾಟಲಿಗೆ ತುಂಬಿ, ಬಟ್ಟೆ ಕಟ್ಟಿ, ಅವನ ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟು, ಸೊಳ್ಳೆ ಹುಟ್ಟುವುದು ಟೈರಿನಲ್ಲೇ ಎಂದ.

"ಟೈರು ಏನು ಮೊಟ್ಟೆ ಇಡ್ತದೇನೋ ಹೂವಪ್ಪ?" ಎಂದು ಜಟ್ಟಪ್ಪ ಹೊಟ್ಟೆ ಕುಣಿಸಿ ನಕ್ಕ.

ಹೂವಪ್ಪ ನಗಲಿಲ್ಲ. "ಎರಡು ದಿನ ಬಿಟ್ಟು ಕಿವಿ ಇಡು," ಎಂದಷ್ಟೇ ಹೇಳಿದ.

ಅವರು ಮನೆ ಸೇರುವಾಗ ಹೊತ್ತು ಮುಳುಗುತ್ತಿತ್ತು. ಸಣ್ಣಪ್ಪ ಎದ್ದು ಗೋಡೆಗೆ ಒರಗಿ ಗಂಜಿ ಕುಡಿಯುತ್ತಿದ್ದ. ಹಿತ್ತಿಲು ಸುಮ್ಮನಿತ್ತು.

"ಅಕ್ಕಾ, ದೆವ್ವ ಹೋಯ್ತಾ?"

ಹುಲಿಯಮ್ಮ ಕಿಟಕಿಯ ಕಡೆ ನೋಡಿದಳು. ಬಾಟಲಿ ಇದ್ದ ಜಾಗದ ಪಕ್ಕದಲ್ಲೇ ಅವಳು ಸ್ಲೇಟು ಒರೆಸುವ ನೀರಿನ ಡಬ್ಬಿ ಇತ್ತು. ತಮ್ಮನಿಗೆ ಜ್ವರ ಬಂದಾಗಿನಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಬಗ್ಗಿ ನೋಡಿದಳು. ನೀರಿನಲ್ಲಿ ಅವಳ ಮುಖ. ಅವಳು ಅಲುಗಲಿಲ್ಲ. ಮುಖ ಅಲುಗಿತು.

ಅವಳು ಡಬ್ಬಿಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ಅಂಗಳಕ್ಕೆ ಹೋದಳು. ಒಣ ಮಣ್ಣಿನ ಮೇಲೆ ಸುರಿದಳು. ಕೊನೆಯ ಹನಿ ಇಂಗುವವರೆಗೂ ಅಲ್ಲೇ ನಿಂತು ನೋಡಿ, ಡಬ್ಬಿಯನ್ನು ಬೋರಲು ಹಾಕಿ ಒಳಗೆ ಬಂದಳು.