ಮೆತ್ತಗಾದ ಪೆಡಲು

ಮಂಗಳವಾರ ಮಧ್ಯಾಹ್ನ ಹನ್ನೆರಡೂವರೆಗೆ, ಹಣೆಗೆ ಪಟ್ಟಿ ಕಟ್ಟಿಸಿಕೊಂಡ ಹಿರಿಯರೊಬ್ಬರು ಜೀಡಿಮೆಟ್ಲಾ ಕಡೆಯ ಠಾಣೆಗೆ ಬಂದರು. ಅಂಗಿಯ ಕಾಲರಿನ ಮೇಲೆ ರಕ್ತ ಒಣಗಿ ಕಪ್ಪಾಗಿತ್ತು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಇನ್‌ಸ್ಪೆಕ್ಟರ್ ಎಲ್ಲಿ ಎಂದು ತೆಲುಗಿನಲ್ಲಿ ಕೇಳಿದರು.

ಇನ್‌ಸ್ಪೆಕ್ಟರ್ ಗುರುಶಾಂತ ಜಹೀರಾಬಾದಿನವನು, ಮನೆಮಾತು ಕನ್ನಡ. ಬಂದವರು ತಮ್ಮ ಹೆಸರು ಗುರುಸಿದ್ದಪ್ಪ, ಊರು ಬೀದರ್ ಕಡೆ ಎಂದದ್ದೇ ಅವನ ಮಾತೂ ಕನ್ನಡಕ್ಕೆ ಹೊರಳಿತು.

"ಏನಾತ್ರಿ ಯಜಮಾನ್ರ?"

"ಬ್ರೇಕ್ ಹಿಡೀಲಿಲ್ರಿ. ಮುಂಜಾನೆ ಹಿಮಾಯತ್‌ನಗರಕ್ಕ ಹೊಂಟಿದ್ವಿ, ಸಂಬಂಧಿಕರ ಮನ್ಯಾಗ ತೊಟ್ಲ ಕಾರ್ಯ ಇತ್ತು. ಫ್ಲೈಓವರ್ ಇಳಿಯಾಗ ಪೆಡಲ್ ಪೂರಾ ತಳಕ್ಕ ಹೋತು. ಮುಂದ ಬಸ್ಸು. ಡಿವೈಡರ್‌ಗೆ ಹಾಕಿದೆ. ನನ್ನ ಹೆಂಡ್ತಿ ಕುಮುದಾ ಐಸಿಯುದಾಗ ಅದಾಳ. ಇದು ಆಕ್ಸಿಡೆಂಟ್ ಅಲ್ರಿ ಸಾಹೇಬ್ರ. ನನ್ನ ಗಾಡಿಗೆ ಯಾರೋ ಕೈ ಹಚ್ಯಾರ."

"ಯಾರ ಮ್ಯಾಲ ಅನುಮಾನ?"

"ಕೆಳಗಿನ ಮನಿ ಜನಾರ್ದನ. ಹ್ವಾದ ವಾರ ಗೇಟಿನಾಗ ನಿಂತು, ನಿನ್ನ ಗಾಡಿ ಇನ್ನೊಮ್ಮೆ ರೋಡಿಗೆ ಬರಲಿ, ನೋಡ್ಕೋತೀನಿ ಅಂದಾನ. ಫ್ಯಾಕ್ಟರ್‍ಯಾಗ ಫಿಟ್ಟರ್ ಇದಾನ್ರಿ ಅಂವಾ."

ಗುರುಸಿದ್ದಪ್ಪ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರ ಯಂತ್ರ ವಿಭಾಗದಲ್ಲಿ ದುಡಿದು ನಿವೃತ್ತರಾದ ಮನುಷ್ಯ. ಬಾಯಿಗೆ ಬಂದದ್ದು ಹೇಳುವವರಂತೆ ಕಾಣಲಿಲ್ಲ. ಕೊಲೆಯತ್ನದ ಕಲಮಿನಡಿ ಎಫ್‌ಐಆರ್ ದಾಖಲಾಯಿತು.

ಎರಡು ಗಂಟೆಗೆ ಗುರುಶಾಂತ ಹೆಡ್ ಕಾನ್‌ಸ್ಟೇಬಲ್ ಸೋಮಣ್ಣನೊಂದಿಗೆ ಅಪಘಾತದ ಜಾಗಕ್ಕೆ ಹೋದ. ಕಾರಿನ ಎಡ ಮೂತಿ ನುಜ್ಜಾಗಿ ಒಳಗೆ ಕೂತಿತ್ತು. ರಸ್ತೆಯ ಮೇಲೆ ಟೈರು ಎಳೆದ ಗುರುತೇ ಇರಲಿಲ್ಲ. ಸಾಕ್ಷಿಗೆ ಕರೆದ ಪಂಚರ ಎದುರು ಮೋಟಾರು ವಾಹನ ನಿರೀಕ್ಷಕ ಹಣಮಂತರಾಯರು ಚಕ್ರಗಳನ್ನು ಬಿಚ್ಚಿಸಿ, ಟಾರ್ಚು ಹಿಡಿದು ಬಗ್ಗಿದರು.

"ಸವೆದು ಹೋಗಿತ್ತೇನ್ರಿ?" ಗುರುಶಾಂತ ಕೇಳಿದ.

"ಇಲ್ರಿ. ಸವೆದ ಬ್ರೇಕು ಸುಮ್ನ ಹೋಗಂಗಿಲ್ಲ. ಮೊದ್ಲ ಕೀರಲು ಸದ್ದು ಮಾಡತೈತಿ, ಆಮೇಲೆ ಕಬ್ಬಿಣಕ್ಕ ಕಬ್ಬಿಣ ಉಜ್ಜಿದಂಗ ಕೇಳಸ್ತೈತಿ. ಗಾಡಿ ಒಂದು ಮಗ್ಗಲಾ ಎಳೀತೈತಿ, ಒತ್ತಿದಾಗ ಸ್ಟೀರಿಂಗ್ ನಡುಗ್ತೈತಿ. ವಾರಗಟ್ಟಲೆ ಹೇಳ್ತಾನ ಇರತೈತಿ. ಇಲ್ಲಿ ನೋಡ್ರಿ, ಪ್ಯಾಡು ಹೊಸಾವು." ಅವರ ಬೆರಳು ಚಕ್ರದ ಹಿಂದಿನ ಪುಟ್ಟ ತಿರುಪಿನ ಮೇಲೆ ನಿಂತಿತು. "ಬ್ರೇಕಿನೊಳಗಿನ ಗಾಳಿ ತೆಗೆಯೋ ತಿರುಪು ಇದು. ಮುಂದಿನ ಎರಡೂ ಚಕ್ರದಾಗ ಸಡಿಲ ಮಾಡ್ಯಾರ. ಒತ್ತಿದಷ್ಟೂ ಆಯಿಲ್ ಸೋರತೈತಿ."

ತಿರುಪಿನ ಅಂಚಿನಲ್ಲಿ, ಅದನ್ನು ತಿರುಗಿಸುವ ಪಾನಾ ಜಾರಿದ ಹೊಸ ಗೀರು ಹೊಳೆಯುತ್ತಿತ್ತು. ಹಣಮಂತರಾಯರು ಒಳಗೆ ಕೈ ಹಾಕಿ ಚಾವಿ ತಿರುಗಿಸಿದರು. ಸ್ಪೀಡೋಮೀಟರಿನ ಪಕ್ಕದಲ್ಲಿ ಬ್ರೇಕಿನ ಕೆಂಪು ದೀಪ ಹತ್ತಿತು.

"ಆಯಿಲ್ ಇಳಿದಾಗ ಇದು ಹತ್ತೇ ಹತ್ತಿರತೈತಿ. ಓಡಸಾಂವಗ ಹೆಂಗ ಕಾಣಲಿಲ್ಲೋ!"

ಮೂರೂವರೆಗೆ ಜನಾರ್ದನನನ್ನು ಠಾಣೆಗೆ ಕರೆತಂದರು. ರಾಯಚೂರಿನವನು, ಔಷಧ ಕಾರ್ಖಾನೆಯಲ್ಲಿ ಫಿಟ್ಟರ್. ಅವನ ಚೀಲದಲ್ಲಿ ಪಾನಾಗಳಿದ್ದವು.

"ಬೆದರಿಕಿ ಹಾಕಿದ್ದು ಖರೇನಾ?"

"ಬೈದಿದ್ದು ಖರೆ ಸಾರ್. ಹಾಡಹಗಲ ನಿಲ್ಸಿದ್ದ ನನ್ನ ಸ್ಕೂಟರಿಗೆ ಗುದ್ದಿದ್ರು. ಇಳಿದು ಬಂದು, ಇಲ್ಲೇನೂ ಇರಲೇ ಇಲ್ಲ ಅಂದ್ರು. ಸ್ಕೂಟರ್ ಅವ್ರ ಕಾಲಾಗ ಬಿದ್ದಿತ್ತು! ಆಮೇಲೆ ಅವ್ರ ಮಗಳು ಬಂದು ಕೈ ಮುಗುದು ಅತ್ತಳು. ಅದಕ್ಕ ಬಿಟ್ಟೆ."

"ನಿನ್ನೆ ಸಂಜೆಯಿಂದ ಎಲ್ಲಿದ್ದಿ?"

"ರಾತ್ರಿ ಶಿಫ್ಟಿನಾಗ. ಬೆಳಿಗ್ಗೆ ಬಂದು ಮಲಗಿದೆ ಸಾರ್."

ಕಾರ್ಖಾನೆಗೆ ಫೋನು ಮಾಡಿದಾಗ ಅವನ ಮಾತು ಸುಳ್ಳಾಗಲಿಲ್ಲ. ಆದರೂ ಶಿಫ್ಟು ಮುಗಿದ ಮೇಲಿನ ಮುಂಜಾನೆಯ ಹೊತ್ತಿಗೆ ಸಾಕ್ಷಿಯಿರಲಿಲ್ಲ. ಸೋಮಣ್ಣ ಪಿಸುಗುಟ್ಟಿದ: "ಇವ್ನ ಸರ್. ಇನ್ಯಾರಿದ್ದಾರ?" ಅಷ್ಟರಲ್ಲಿ ಆಸ್ಪತ್ರೆಯಿಂದ ಕರೆ ಬಂತು. ಕುಮುದಾ ಅವರ ತೊಡೆಮೂಳೆ ಮುರಿದಿತ್ತು. ಅದಕ್ಕಿಂತ ಹೆಚ್ಚು ಭಯವಿದ್ದದ್ದು ತಲೆಯ ಪೆಟ್ಟಿನದು. ಪ್ರಜ್ಞೆ ಬಂದಿರಲಿಲ್ಲ, ಡಾಕ್ಟರು ಏನೂ ಹೇಳುತ್ತಿರಲಿಲ್ಲ.

ಗುರುಶಾಂತ ಜನಾರ್ದನನನ್ನು ಠಾಣೆಯಲ್ಲೇ ಕೂರಿಸಿ ಆಸ್ಪತ್ರೆಗೆ ಹೊರಟ. ಸ್ಕೂಟರಿನ ಮಾತು ಅವನ ತಲೆಯಿಂದ ಹೋಗಲೊಲ್ಲದಾಗಿತ್ತು.

ಐಸಿಯು ಹೊರಗಿನ ಬೆಂಚಿನ ಮೇಲೆ ಗುರುಸಿದ್ದಪ್ಪ, ಪಕ್ಕದಲ್ಲಿ ಅವರ ಒಬ್ಬಳೇ ಮಗಳು ತೇಜಸ್ವಿನಿ. ಅಪ್ಪ ಅಮ್ಮನ ಜೊತೆಗೇ ಇರುವವಳು. ಅವಳ ಕಣ್ಣು ಬಾತಿದ್ದವು.

"ಗಾಡಿ ತೆಗೆದಾಗ ಪೆಡಲ್ ಹೆಂಗಿತ್ರಿ?" ಗುರುಶಾಂತ ಕೇಳಿದ.

"ಗೇಟಿನಾಗ ಒಂದೀಟು ಮೆತ್ತಗನಿಸ್ತು. ಎರಡು ಸಲ ತುಳಿದೆ, ಹಿಡೀತು. ನಡೀತೈತಿ ಅಂತ ಹ್ವಾದೆ."

ತೇಜಸ್ವಿನಿ ತಟ್ಟನೆ ತಲೆಯೆತ್ತಿದಳು. "ಕೆಂಪು ದೀಪ ಹತ್ತಿತ್ತಲ್ಲಪ್ಪಾ! ನಿನಗ ಅದೂ ಕಾಣಲಿಲ್ಲೇನು?"

ಮಾತು ಮುಗಿಯುವ ಮೊದಲೇ ಅವಳ ಮುಖ ಬಿಳಿಚಿತು.

ಆಯಿಲ್ ಸೋರಿದ್ದನ್ನಾಗಲಿ, ದೀಪ ಹತ್ತಿದ್ದನ್ನಾಗಲಿ ಗುರುಶಾಂತ ಈ ಮನೆಯವರಿಗೆ ಇನ್ನೂ ಹೇಳಿರಲಿಲ್ಲ. ಅವನು ಏನೂ ಗಮನಿಸದವನಂತೆ ಎದ್ದ. ಮಹಿಳಾ ಕಾನ್‌ಸ್ಟೇಬಲ್ ಉಷಾಳನ್ನು ಕರೆಸಿ, ತೇಜಸ್ವಿನಿಯನ್ನು ಕಿಟಕಿಯ ಬಳಿಗೆ ಕರೆದ.

"ಜನಾರ್ದನ ಠಾಣೆಯೊಳಗ ಕೂತಾನಮ್ಮಾ. ಕೊಲೆಯತ್ನದ ಕೇಸು. ನಿಮ್ಮ ತಾಯಿಗೆ ಹೆಚ್ಚುಕಮ್ಮಿ ಆದ್ರ ಕೊಲೆ ಕೇಸ ಆಗತೈತಿ. ಅಂವಗ ಎರಡು ಸಣ್ಣ ಮಕ್ಕಳು."

ಅವಳು ಕಿಟಕಿಯ ಸರಳು ಹಿಡಿದುಕೊಂಡಳು. ಕೆಳಗೆ ಆಂಬ್ಯುಲೆನ್ಸೊಂದು ಕೂಗುತ್ತ ಒಳಗೆ ಬಂತು. ಅದು ನಿಂತ ಮೇಲೆ ಅವಳು ಇತ್ತ ತಿರುಗಿದಳು.

"ಅವ್ರನ್ನ ಬಿಟ್‌ಬಿಡ್ರಿ. ನಾ ಮಾಡೀನಿ."

"ಯಾಕ?"

"ಅಪ್ಪಗ ಕಣ್ಣು ಕಾಣಸವಲ್ದು. ನಡುವಿಂದು ಮಸುಕು, ಅಂಚಿಂದಷ್ಟ ಕಾಣತೈತಿ. ಒಪ್ಪಂಗಿಲ್ಲ, ಡಾಕ್ಟರ್ ಹತ್ರ ಬರಂಗಿಲ್ಲ. ಶುಕ್ರವಾರ ಸುಲ್ತಾನ್ ಬಜಾರಿನಾಗ ಸೈಕಲ್ ಮ್ಯಾಲೆ ಹುಡುಗಿ ಒಬ್ಬಾಕಿ ಎದುರಿಗೇ ಬಂದಳು. ಅಪ್ಪ ಹಂಗ ಹೋಗಾಕತ್ತಿದ್ರು. ನಾ ಹ್ಯಾಂಡ್‌ಬ್ರೇಕ್ ಜಗ್ಗಿದೆ. ಒಂದ ಗೇಣು ಉಳೀತು. ಅವ್ರು ನನಗ ಬೈದ್ರು. ಚಾವಿ ಮುಚ್ಚಿಟ್ಟೆ, ಇನ್ನೊಂದು ಮಾಡಿಸಿದ್ರು. ಗಾಡಿ ಕಸ್ಕೊಂಡ್ರ ಮನುಷ್ಯಾ ಕುಗ್ಗಿ ಹೋಗ್ತಾನ ಅಂತ ಅವ್ವ ತಡೀತಿದ್ಲು."

"ಬ್ರೇಕಿನ ಕೆಲಸ ಹೆಂಗ ಗೊತ್ತಾತು?"

"ಅಪ್ಪನ ಕಲಿಸಿದ್ದು. ಇವತ್ತ ನಸುಕಿನ್ಯಾಗ ತಿರುಪು ಸಡ್ಲ ಮಾಡಿ, ಕೆಂಪು ದೀಪ ಹತ್ತೋತನಕ ಪೆಡಲ್ ತುಳಿದೆ. ಪೆಡಲ್ ಮೆತ್ತಗಾದ್ರ ಗೇಟಿನ ಹೊರಗ ಗಾಡಿ ತೆಗೀಬ್ಯಾಡ ಅಂತ ನೂರು ಸಲ ಹೇಳ್ಯಾರ. ಗೇಟಿನಾಗ ನಿಲ್ಲಿಸಿ ಇಳೀತಾರ, ಆಮೇಲೆ ರಿಪೇರಿ ಆಗಲಿಲ್ಲ ಅಂತ ನೆಪ ಹೇಳಿ ದಿನಾ ದೂಡ್ತೀನಿ ಅನ್ಕೊಂಡಿದ್ದೆ. ಅವ್ವನ್ನ ಆಟೋದಾಗ ನಾನ ಕರ್ಕೊಂಡು ಹೋಗೋದಿತ್ತು. ನಾ ಸ್ನಾನ ಮಾಡಿ ಬರೋದರಾಗ ಇಬ್ರೂ ಹೊಂಟು ಹೋಗಿದ್ರು. ಫೋನ್ ಮಾಡಿದೆ ಸರ್, ಮಾಡ್ತಾನ ಇದ್ದೆ. ಎತ್ತಲಿಲ್ಲ."

ಮನೆಗೆ ಕರೆದೊಯ್ದಾಗ ಹಿತ್ತಲಿನ ಪೆಟ್ಟಿಗೆಯಿಂದ ಅವಳೇ ಪಾನಾ ತೆಗೆದುಕೊಟ್ಟಳು. ಸುತ್ತಿದ್ದ ಬಟ್ಟೆಯಲ್ಲಿ ಬ್ರೇಕ್ ಆಯಿಲಿನ ವಾಸನೆ ಇನ್ನೂ ಇತ್ತು. ಪಂಚನಾಮೆ ಮುಗಿಯುವಾಗ ಉಷಾಳ ಫೋನು ಸದ್ದು ಮಾಡಿತು. ಕುಮುದಾ ಕಣ್ಣು ಬಿಟ್ಟಿದ್ದರು, ಗಂಡ ಎಲ್ಲಿ ಎಂದು ಕೇಳಿದ್ದರು. ತೇಜಸ್ವಿನಿ ಹಿತ್ತಲ ಕಲ್ಲಿನ ಮೇಲೆ ಕುಸಿದು ಕೂತಳು. ಅವಳು ಏಳುವವರೆಗೆ ಯಾರೂ ಅವಸರ ಮಾಡಲಿಲ್ಲ.

ಜನಾರ್ದನನನ್ನು ಮನೆಗೆ ಕಳಿಸಿದರು. ಕೊಲ್ಲುವ ಉದ್ದೇಶವಿರಲಿಲ್ಲವೆಂದು ಗುರುಶಾಂತ ಕೇಸ್ ಡೈರಿಯಲ್ಲಿ ಬರೆದು, ಪ್ರಾಣಕ್ಕೆ ಅಪಾಯ ತಂದು ತೀವ್ರ ಗಾಯ ಮಾಡಿದ ಕಲಮಿಗೆ ಬದಲಿಸಲು ಕೋರ್ಟಿಗೆ ವರದಿ ಸಿದ್ಧಮಾಡಿದ. ಜಾಮೀನು ಸಿಗುವ ಕಲಂ. ಆದರೂ ಬಂಧನ ಬಂಧನವೇ. ಹೆಂಗಸಿನ ಬಂಧನವಾದ್ದರಿಂದ ಸೂರ್ಯ ಮುಳುಗುವ ಮೊದಲು ಅದು ಆಗಬೇಕಿತ್ತು, ಬಂಧನದ ಮೆಮೋದ ಮೇಲೆ ಮನೆಯವರೊಬ್ಬರ ಸಹಿಯೂ ಬೇಕಿತ್ತು.

ಆಸ್ಪತ್ರೆಯ ಬೆಂಚಿನ ಬಳಿ ಗುರುಸಿದ್ದಪ್ಪ ಎಲ್ಲವನ್ನೂ ನಿಂತೇ ಕೇಳಿಸಿಕೊಂಡರು. ಮಗಳ ಕಡೆ ತಿರುಗಿದರು. ಅವಳನ್ನು ನೋಡಲು ಕತ್ತನ್ನು ಸ್ವಲ್ಪ ಓರೆ ಮಾಡಿದ್ದನ್ನು ಗುರುಶಾಂತ ಕಂಡ.

ಸೋಮಣ್ಣ ಪೆನ್ನು ಕೊಟ್ಟ. ಅವರ ಕೈ ಕಾಗದದ ಮೇಲೆ ಆಚೀಚೆ ಅಲೆಯಿತು.

"ಎಲ್ಲಿ ಹಾಕಬೇಕ್ರಿ ಸಹಿ?"

ತೇಜಸ್ವಿನಿ ಅಪ್ಪನ ಬೆರಳು ಹಿಡಿದು, ತನ್ನ ಹೆಸರಿನ ಕೆಳಗಿದ್ದ ಖಾಲಿ ಜಾಗದ ಮೇಲೆ ಇಟ್ಟಳು.

"ಇಲ್ಲಿ ಅಪ್ಪಾ," ಎಂದಳು. "ಇಲ್ಲಿ."